ಕೆಂಪು ಎಣ್ಣೆ ಹಾಕಿದವರು ಯಾರು

ದರ್ಖಾನ್ ಊರಿನ ನಮ್ಮ ಬೀದಿಯಲ್ಲಿ ದುಲಮ್‌ಸುರೆನ್ ಬರುವುದು ಕಂಡರೆ ಅಂಗಡಿಯವಳು ತಕ್ಕಡಿಯನ್ನು ಒರೆಸಿ ಇಡುತ್ತಿದ್ದಳು. ಹಿಟ್ಟನ್ನು ಬೆರಳಲ್ಲಿ ಉಜ್ಜದೆ, ಮೊಟ್ಟೆಯನ್ನು ಕಿವಿಯ ಬಳಿ ಅಲ್ಲಾಡಿಸದೆ, ಕುರಿಯ ಕೊಬ್ಬನ್ನು ಮೂಸದೆ ಅವಳು ಏನನ್ನೂ ಕೊಂಡವಳಲ್ಲ. ಅವಳ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಇದ್ದದ್ದು ಒಂದು ಹಲಗೆಯ ಬೇಲಿ. ನಾನು ಸಕ್ಕರೆ ಸಾಲ ಕೊಟ್ಟರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೇ ಒಳಗೆ ಒಯ್ಯುತ್ತಿದ್ದಳು.

ಹುಟ್ಟಿನಿಂದ ಬಂದ ಗುಣವಲ್ಲ ಅದು. ಹರೆಯದಲ್ಲಿ ಅವಳು ಸಿಮೆಂಟ್ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಕೆಳಗೆ ನಿಂತವನು ಕೈ ಎತ್ತಿದರೆ ಎತ್ತುವುದು, ಇಳಿಸಿದರೆ ಇಳಿಸುವುದು. ಕಾರ್ಖಾನೆ ನಿಂತುಹೋದಾಗ ಊರಿನ ಅರ್ಧ ಜನರಂತೆ ಅವಳೂ ರೈಲು ಹತ್ತಿ ಗಡಿಯಾಚೆಯ ಎರೆನ್ ಪೇಟೆಯಿಂದ ಬಟ್ಟೆ ತಂದು ಮಾರತೊಡಗಿದಳು. ಒಮ್ಮೆ ಬಿಗಿಯಾಗಿ ಹೊಲಿದ ಜಾಕೆಟ್ ಮೂಟೆಯೊಂದನ್ನು ಮನೆಗೆ ತಂದು ಬಿಚ್ಚಿದರೆ ಒಳಗಿದ್ದ ಅಷ್ಟೂ ಜಾಕೆಟ್‌ಗಳಿಗೆ ಒಂದೊಂದೇ ತೋಳು. ಆಕೆ ಅಳಲಿಲ್ಲ. ಉಳಿದ ತೋಳುಗಳನ್ನೂ ಕತ್ತರಿಸಿ ಹಾಕಿ, ಅಂಚು ಹೊಲಿದು, ತೋಳಿಲ್ಲದ ಅಂಗಿಗಳೆಂದು ಮಾರಿದಳು. ಆದರೆ ಅಂದಿನಿಂದ ಅವಳ ಕಣ್ಣು ಬೇರೆಯೇ ಆಯಿತು.

ಇಂಥವಳು ಐವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕೊಂಡಳು. ದೂರದ ಬುಲ್ಗಾನ್ ಊರಿನಲ್ಲಿದ್ದ ತಂಗಿಗೆ ಕಾಲು ಸ್ವಾಧೀನ ತಪ್ಪಿತ್ತು, ಬಸ್ಸನ್ನು ನಂಬಿ ಕೂರುವಂತಿರಲಿಲ್ಲ. ಗಂಡ ಚೋಯ್‌ಜಿಲನ ಹಳೆಯ ಗೆಳೆಯ ಗೊಂಬೊಸುರೆನ್ ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯ ಕಾರುಗಳನ್ನು ತಂದು ಮಾರುತ್ತಿದ್ದ. ಅವನ ಹತ್ತಿರ ಬಲಗಡೆ ಸ್ಟಿಯರಿಂಗ್‌ನ ಒಂದು ಬಿಳಿ ಪುಟಾಣಿ ಕಾರು ಇತ್ತು. ದುಲಮ್‌ಸುರೆನ್ ಟೈರಿನ ಸಂದಿಗೆ ಬೆರಳು ಹಾಕಿ, ಸೀಟಿನ ಕೆಳಗೆ ಟಾರ್ಚು ಬಿಟ್ಟು, ಮೂರು ಸಲ ಹೋಗಿ ನೋಡಿ ಕೊಂಡಳು.

ಶರತ್ಕಾಲ ಕಳೆದು ಮೊದಲ ಗಟ್ಟಿ ಚಳಿ ಬಿದ್ದ ಮೇಲೆ ಕಾರು ಮುಲುಗತೊಡಗಿತು. ಕೆಲ ವಾರಗಳಲ್ಲಿ ನಡುಗತೊಡಗಿತು. ಆಕ್ಸಿಲರೇಟರ್ ತುಳಿದರೆ ಎಂಜಿನ್ ಕೂಗುತ್ತಿತ್ತೇ ಹೊರತು ಚಕ್ರಕ್ಕೆ ಆತುರವೇ ಇರಲಿಲ್ಲ.

ಗ್ಯಾರೇಜಿನವನು ಹೇಳಿದ, "ಅಕ್ಕ, ಗೇರ್ ಎಣ್ಣೆ ಬದಲಾಯಿಸಬೇಕು. ಇವತ್ತೇ ಹಾಕಿಕೊಡ್ತೀನಿ, ನನ್ಹತ್ರ ಎಲ್ಲಾ ಗಾಡಿಗೂ ಆಗೋ ಎಣ್ಣೆ ಇದೆ."

"ಎಲ್ಲಾ ಗಾಡಿಗೂ ಆಗೋದು ಅಂದ್ರೆ ಯಾವ ಗಾಡಿಗೂ ಆಗದೇ ಇರೋದು ಅಂತಾನಾ?" ಎಂದು ಅವಳು ಕೀಲಿ ಕಸಿದುಕೊಂಡು ಹೊರಟಳು.

ಪಕ್ಕದ ಟ್ಯಾಕ್ಸಿಯವನು ತದ್ವಿರುದ್ಧ ಹೇಳಿದ. "ಹಳೇ ಕಾರಿನ ಗೇರ್ ಎಣ್ಣೆ ಮುಟ್ಟಲೇಬಾರದು. ಮುಟ್ಟಿದ್ರೆ ಮಾರನೇ ದಿನ ಪೆಟ್ಟಿಗೆ ಹೋಗತ್ತೆ." ಆ ಟ್ಯಾಕ್ಸಿಯವನ ಭಾವ ಹಳೆಯ ಗೇರ್ ಪೆಟ್ಟಿಗೆಗಳ ವ್ಯಾಪಾರಿ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಅದನ್ನೂ ನಂಬಲಿಲ್ಲ.

ಕೊನೆಗೆ ಅವಳು ತಾನೇ ಬಾನೆಟ್ ಎತ್ತಿದಳು. ಗೇರ್ ಪೆಟ್ಟಿಗೆಯ ಅಳತೆ ಕಡ್ಡಿ ಎಳೆದು, ಬಿಳಿ ಬಟ್ಟೆಯ ಮೇಲೆ ಒರೆಸಿದಳು. ಕಂದು ಬೆರೆತ ಕೆಂಪು. ಮೂಸಿದರೆ ಸುಟ್ಟ ವಾಸನೆ. ಆದರೆ ಹೋಲಿಸಿ ನೋಡದೆ ತೀರ್ಪು ಕೊಡುವವಳಲ್ಲ ಅವಳು. ಅದೇ ಕಂಪನಿಯ ಅದೇ ಮಾದರಿಯ ಕಾರುಗಳನ್ನು ಹುಡುಕುತ್ತಾ ಪೇಟೆಯ ಮುಂದಿನ ಬಯಲಲ್ಲಿ ನಿಂತಳು. ಒಬ್ಬ ಯಜಮಾನ ಬೈದು ಓಡಿಸಿದ, ಇನ್ನೊಬ್ಬ ಪೊಲೀಸರನ್ನು ಕರೀತೀನಿ ಎಂದ. ದನಗಳ ಡಾಕ್ಟರು ಉರ್ಗಮಲ್ ಮಾತ್ರ ನಗುತ್ತಾ ಬಾನೆಟ್ ಎತ್ತಿ ಕೊಟ್ಟಳು.

"ನೋಡಿ ಅಕ್ಕ. ನಾನೂ ದಿನಾ ದನ ಕುದುರೆಗಳ ಬಾಲ ಎತ್ತಿ ನೋಡೋಳೇ. ನನಗೇನೂ ಬೇಜಾರಿಲ್ಲ."

ಉರ್ಗಮಲಳ ಕಾರಿನ ಎಣ್ಣೆ ತಿಳಿ ಹಸಿರು. ಇವಳದ್ದು ಕೆಂಪು.

"ಬಣ್ಣ ಒಂದನ್ನೇ ನಂಬಬೇಡಿ," ಎಂದಳು ಉರ್ಗಮಲ್. "ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತೆ. ಆದ್ರೆ ನಮ್ಮ ಗಾಡೀಲಿ ಹಲ್ಲಿನ ಗೇರುಗಳಿಲ್ಲ, ಉಕ್ಕಿನ ಪಟ್ಟಿ ಓಡೋದು. ಅದಕ್ಕೆ ಬೇರೇನೇ ಎಣ್ಣೆ. ಕಡ್ಡಿಯ ತಲೆ ಮೇಲೆ ಕೊರೆದಿದ್ದಾರಲ್ಲ, ಆ ಗುರುತಿನದೇ ಬೇಕು. ಮಾಮೂಲಿ ಎಣ್ಣೆ ಹಾಕಿದ್ರೆ ಪಟ್ಟಿ ಜಾರತ್ತೆ."

ಅಲ್ಲಿಗೆ ದುಲಮ್‌ಸುರೆನ್‌ಗೆ ರೋಗ ಗೊತ್ತಾಯಿತು. ಉಳಿದದ್ದು ಕಳ್ಳನನ್ನು ಹಿಡಿಯುವುದು. ಯಾರೋ ಕೆಂಪು ಎಣ್ಣೆ ಹಾಕಿದ್ದಾರೆ. ಯಾರು? ಗ್ಯಾರೇಜಿನವನು ಬಾನೆಟ್ ಮುಟ್ಟಿರಲಿಲ್ಲ. ಹಾಗಾದರೆ ಮಾರಿದವನೇ.

"ನಿನ್ನ ಗೆಳೆಯ ನಮ್ಮ ಕುತ್ತಿಗೆ ಕೊಯ್ದ," ಎಂದಳು ಗಂಡನಿಗೆ.

ಚೋಯ್‌ಜಿಲ್ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಹಾಕಿ ನಿವೃತ್ತನಾದವನು, ಮಾತು ಕಡಿಮೆ. "ಹೋಗ್ಲಿ ಬಿಡೇ. ಎಣ್ಣೆ ತಾನೇ, ಬದಲಾಯ್ಸಿದ್ರೆ ಆಯ್ತು," ಎಂದ.

"ಹೋಗ್ಲಿ ಬಿಡೋಕೆ ಅದೇನು ಗಾಳೀನಾ? ನೀನು ಅವನ ಪರ ಮಾತಾಡ್ತಿದೀಯ ಅಂದ್ರೆ ನಿನಗೂ ಗೊತ್ತಿತ್ತೇನೋ!"

ಅವನು ಟೀ ಬಟ್ಟಲಿನಲ್ಲಿ ಮುಖ ಹುದುಗಿಸಿದ. ಬೇಲಿಯ ಈಚೆ ನಿಂತಿದ್ದ ನನಗೂ ಆಗ ಅದು ಬರೀ ಸಂಕೋಚ ಅನ್ನಿಸಿತ್ತು.

ಭಾನುವಾರ ಮಧ್ಯಾಹ್ನ ಅವಳು ಗಂಡನನ್ನೂ ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಗೊಂಬೊಸುರೆನ್‌ನ ಮನೆಗೆ ಹೋದಳು. ಮನೆಯವರು ಬುವುಜ್ ಎಂಬ ಮಾಂಸದ ಕಡುಬು ಬೇಯಿಸುತ್ತಿದ್ದರು, ಒಳಗೆಲ್ಲ ಹಬೆ. ಗೊಂಬೊಸುರೆನ್ ಎದ್ದು ಬಂದು ಬಂದವರಿಗೆ ಮೊದಲು ಕೊಡುವ ನಶ್ಯದ ಬಾಟಲಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ದುಲಮ್‌ಸುರೆನ್ ಅದನ್ನು ಮುಟ್ಟಲಿಲ್ಲ. ಅವನ ಹೆಂಡತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಏನಾಯ್ತಕ್ಕ?"

"ಕಾರಿನ ಗೇರ್ ಪೆಟ್ಟಿಗೆಗೆ ಏನು ಹಾಕಿದ್ದೆ, ಹೇಳು."

"ಏನೂ ಹಾಕಿಲ್ಲ."

"ಕಣ್ಣಾರೆ ಕಂಡೇ ಬಂದಿದೀನಿ ನೋಡು. ಕೆಂಪು ಎಣ್ಣೆ. ಹೊಸದು ಹಾಕಿದ್ರೆ ನಾಲ್ಕು ದಿನ ಶಬ್ದ ಬರಲ್ಲ, ಅಷ್ಟರಲ್ಲಿ ಈ ಮುದುಕಿ ಕಾರು ಒಯ್ದಿರ್ತಾಳೆ ಅಂತ ತಾನೇ?"

ಗೊಂಬೊಸುರೆನ್‌ನ ಮುಖ ಕಪ್ಪಿಟ್ಟಿತು. ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ನೆಲ ನೋಡಿದ. ಆಮೇಲೆ ತಡೆಯಲಾರದೆ ಬಾಯಿ ಬಿಟ್ಟ.

"ಅಕ್ಕ, ಎಣ್ಣೆ ನಾನು ಮುಟ್ಟಿಲ್ಲ. ಸುಳ್ಳು ಹೇಳಲ್ಲ... ಓಡಿದ ದೂರ ತೋರಿಸೋ ಮೀಟರು ಇದೆಯಲ್ಲ, ಅದನ್ನ ಹಿಂದಕ್ಕೆ ತಿರುಗಿಸಿದ್ದೆ. ಅದು ನಿಜ. ಎಲ್ಲರೂ ತಿರುಗಿಸ್ತಾರೆ. ಆದ್ರೆ ಎಣ್ಣೆ ಮಾತ್ರ ಇಲ್ಲ."

ನಾವು ಯಾರೂ ಮೀಟರಿನ ಬಗ್ಗೆ ಕೇಳಿಯೇ ಇರಲಿಲ್ಲ. ಟಾರ್ಚು ಬಿಟ್ಟು ನೋಡಿದವಳಿಗೂ ಅದು ಕಂಡಿರಲಿಲ್ಲ. ದುಲಮ್‌ಸುರೆನ್ ಅವಮಾನವೋ ಗೆಲುವೋ ತಿಳಿಯದವಳ ಹಾಗೆ ಅವನನ್ನೇ ದಿಟ್ಟಿಸಿದಳು. ಆಮೇಲೆ ಇಮ್ಮಡಿ ಸಿಟ್ಟಿನಿಂದ ಹೇಳಿದಳು: "ಒಂದು ಮೋಸ ಮಾಡಿದೋನು ಎರಡನೇದು ಮಾಡಲ್ವಾ? ಬೆಂಕಿ ಮುಟ್ಟಿ ಹೇಳು!"

ಗೊಂಬೊಸುರೆನ್ ಒಲೆಯ ಕಡೆ ತಿರುಗಿದ. ಅವನ ಮೊಮ್ಮಗು ಒಲೆಯ ಹಿಂದೆ ಮಲಗಿತ್ತು. ಮನೆಯ ಬೆಂಕಿಯ ಮೇಲೆ ಆಣೆ ಇಡುವುದೆಂದರೆ ಆ ಕೂಸಿನ ಮೇಲೂ ಇಟ್ಟಂತೆ. ಅವನ ಹೆಂಡತಿ "ಬೇಡ" ಎಂದು ಪಿಸುಗುಟ್ಟಿದಳು. ಅವನು ಕೈ ಚಾಚಿದ್ದ.

"ಮುಟ್ಟಬೇಡ ಕಣೋ," ಎಂದ ಚೋಯ್‌ಜಿಲ್. "ಎಣ್ಣೆ ಹಾಕಿದ್ದು ನಾನು."

ಗೊಂಬೊಸುರೆನ್ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಚೋಯ್‌ಜಿಲ್ ತಲೆ ತಗ್ಗಿಸಿ ಹೇಳಿದ. ಚಳಿ ಬಿದ್ದಾಗ ಕಾರು ಮುಲುಗುವುದನ್ನು ಕೇಳಿ ಹೆಂಡತಿಗೆ ನಿದ್ದೆ ಬರುತ್ತಿರಲಿಲ್ಲ. ಅವನು ಎಂಜಿನ್ ತಣ್ಣಗಿರುವಾಗ ಕಡ್ಡಿ ಎಳೆದು ನೋಡಿದ, ಎಣ್ಣೆ ಕಡಿಮೆ ಇದ್ದಂತೆ ಕಂಡಿತು. ತಮ್ಮನ ಹಳೆಯ ಕಾರಿಗೆಂದು ತಂದು ಉಳಿದಿದ್ದ ಡಬ್ಬಿ ಉಗ್ರಾಣದಲ್ಲಿತ್ತು. ಅದನ್ನೇ ಸುರಿದ. ಬಿಸಿ ಮಾಡಿ, ಎಂಜಿನ್ ಓಡುವಾಗ ನೋಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ಆಮೇಲೆ ನೀನು ಕಳ್ಳನ ಹಿಡೀತೀನಿ ಅಂತ ಹೊರಟೆ. ನಂಗೆ ಭಯ ಆಯ್ತು."

"ಭಯ? ನನ್ನ ಕಂಡ್ರೆ?"

"ಇನ್ಯಾರನ್ನ ಕಂಡ್ರೆ?"

ಗೊಂಬೊಸುರೆನ್‌ನ ಹೆಂಡತಿ ಮೊದಲು ನಕ್ಕಳು. ದುಲಮ್‌ಸುರೆನ್ ನಗಲಿಲ್ಲ. ಬುವುಜ್ ತಿನ್ನದೆ ಹೊರಬಂದಳು. ದಾರಿಯುದ್ದಕ್ಕೂ ಅವಳು ಆಡಿದ ಮಾತು ಒಂದೇ. "ಊರಲ್ಲಿರೋ ಕಡ್ಡಿಗಳನ್ನೆಲ್ಲ ಎಳೆದು ನೋಡಿದೆ. ನಿನ್ನ ಮುಖ ನೋಡ್ಲಿಲ್ಲ."

ಅದು ಬೈಗುಳವೋ ಪಶ್ಚಾತ್ತಾಪವೋ ಚೋಯ್‌ಜಿಲನಿಗೆ ತಿಳಿಯಲಿಲ್ಲ. ಅವನು ಆ ವಾರವೆಲ್ಲ ಕೇಳದೆಯೇ ಸೌದೆ ಒಡೆದ.

ಸರಿಯಾದ ಎಣ್ಣೆ ಕೊಳ್ಳಲು ಹೋದಾಗಲೂ ನಾನಿದ್ದೆ. ಕಡ್ಡಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಡಬ್ಬಿಯ ಮೇಲಿನ ಅಕ್ಷರವನ್ನು ಕಡ್ಡಿಯ ಅಕ್ಷರದ ಪಕ್ಕ ಹಿಡಿದಳು, ಮುಚ್ಚಳದ ಸೀಲನ್ನು ಉಗುರಿನಿಂದ ಕೆರೆದಳು, ಕುಲುಕಿದಳು, ತೂಗಿದಳು, ಬೇರೆ ಡಬ್ಬಿ ತರಿಸಿದಳು.

"ಅಕ್ಕ, ಎಣ್ಣೆ ತಗೊಳ್ಳೋಕೆ ಬಂದ್ರೋ, ಮಗಳಿಗೆ ಗಂಡು ನೋಡೋಕೆ ಬಂದ್ರೋ?" ಎಂದ ಅಂಗಡಿಯವನು.

"ಗಂಡು ಕೆಟ್ಟರೆ ವಾಪಸ್ ಕಳಿಸಬಹುದು," ಎಂದಳು ಅವಳು.

ಒಂದೇ ಸಲಕ್ಕೆ ಹಳೆಯದೆಲ್ಲ ಇಳಿಯುವುದಿಲ್ಲ, ಅರ್ಧ ಒಳಗೇ ಉಳಿಯುತ್ತದೆ. ಹಾಗಾಗಿ ಇಳಿಸಿ, ಹೊಸದು ತುಂಬಿ, ಸ್ವಲ್ಪ ದಿನ ಓಡಿಸಿ, ಮತ್ತೆ ಇಳಿಸಿ, ಮತ್ತೆ ತುಂಬಿದರು. ಕಾರಿನ ಕೆಳಗೆ ಮಲಗಿದವನು ಚೋಯ್‌ಜಿಲ್. ಬೋಲ್ಟು ಬಿಗಿದಿದ್ದನ್ನು ಪ್ರತಿ ಸಲ ಪರೀಕ್ಷಿಸಿದವಳು ಅವಳು. ಮೂರನೆಯ ಸಲ ಎಣ್ಣೆ ಹೆಚ್ಚುಕಡಿಮೆ ಹಸಿರಾಗಿಯೇ ಇಳಿಯಿತು. ನಡುಕ ಬಹಳಷ್ಟು ನಿಂತಿತು. ಮುಲುಗು ಪೂರ್ತಿ ಹೋಗಲಿಲ್ಲ. ಪಟ್ಟಿಗೆ ಆಗಬೇಕಾದ ಗಾಯ ಆಗಿಹೋಗಿತ್ತು. ಆದರೂ ಆ ವಸಂತದಲ್ಲಿ ಗಂಡ ಹೆಂಡತಿ ಕಣಿವೆ ದಾಟಿ ಬುಲ್ಗಾನಿಗೆ ಹೋಗಿ ತಂಗಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರು. ಏರಿನಲ್ಲಿ ಲಾರಿಗಳೂ ತಮ್ಮನ್ನು ಹಿಂದೆ ಹಾಕಿದವು ಎಂದು ತಂಗಿ ದೂರಿದಳು.

ಎರಡು ವರ್ಷದ ಮೇಲೆ ಕಾರು ಮಾರಬೇಕಾಗಿ ಬಂತು. ನೋಡಲು ಬಂದ ಯುವಕನಿಗೆ ದುಲಮ್‌ಸುರೆನ್ ಎಲ್ಲವನ್ನೂ ಹೇಳಿದಳು: ಮೀಟರು ತಿರುಗಿಸಿದ್ದು, ಕೆಂಪು ಎಣ್ಣೆ, ಜಾರಿದ ಪಟ್ಟಿ, ಏರಿನಲ್ಲಿ ನಿಧಾನ. ಅವನು ಕೇಳುತ್ತ ಕೇಳುತ್ತ ಹಿಂದೆ ಸರಿದ.

"ಇಷ್ಟೆಲ್ಲಾ ಬಾಯಿ ಬಿಟ್ಟು ಹೇಳ್ತೀರಿ ಅಂದ್ರೆ, ಹೇಳದೆ ಮುಚ್ಚಿಟ್ಟಿದ್ದು ಇನ್ನೆಷ್ಟಿದೆಯೋ!" ಎಂದವನೇ ಗೇಟು ದಾಟಿ ಹೋದ.

ದುಲಮ್‌ಸುರೆನ್ ಬೇಲಿಗೆ ಒರಗಿ ಅವನು ತಿರುವು ದಾಟುವವರೆಗೂ ನೋಡಿದಳು.

"ಹುಷಾರಿದ್ದಾನೆ ಹುಡುಗ," ಎಂದಳು ನನಗೆ, ಬೇಜಾರೇ ಇಲ್ಲದೆ.