ಉಪವಾಸದ ಕ್ವಿನೋವಾ

ನನ್ನ ಮಗಳಿಗೆ ನಾಲ್ಕು ತುಂಬಿದಾಗಲೂ ಎರಡು ವರ್ಷದ ಹಿಂದಿನ ಫ್ರಾಕುಗಳು ಸಡಿಲವಾಗಿಯೇ ಆಗುತ್ತಿದ್ದವು. ಬೇಳೆ ಆಗದು, ಹಣ್ಣು ಕಂಡರೆ ಓಟ, ಹಾಲಿನ ಲೋಟ ಕಂಡರೆ ವಾಕರಿಕೆ. ಮೊಟ್ಟೆ ನಮ್ಮ ಮನೆಗೆ ಬರುವಂತಿಲ್ಲ. ತಿನ್ನುತ್ತಿದ್ದುದು ತುಪ್ಪ ಉಪ್ಪು ಕಲಸಿದ ಬಿಳಿ ಅನ್ನ, ಅದೂ ಗುಬ್ಬಚ್ಚಿಯಷ್ಟು. ಜಯನಗರದ ಮಕ್ಕಳ ಡಾಕ್ಟರು ಅವಳನ್ನು ತೂಕದ ಯಂತ್ರದಿಂದ ಇಳಿಸಿ, ನನ್ನ ಮುಖವನ್ನೂ ನೋಡದೆ, "ಬರೀ ಅನ್ನ ಕೊಟ್ರೆ ಹೇಗಮ್ಮಾ? ಹೀಗೇ ಇದ್ರೆ ಅಡ್ಮಿಟ್ ಮಾಡ್ಬೇಕಾಗತ್ತೆ. ಪ್ರೋಟೀನ್ ಹೋಗ್ಬೇಕು. ಕ್ವಿನೋವಾ ಟ್ರೈ ಮಾಡಿ" ಎಂದರು. ಕೊಡುವುದು ನಾನು, ತಿನ್ನಬೇಕಾದವಳು ಅವಳು ಎಂದು ಅವರಿಗೆ ಯಾರು ಹೇಳಬೇಕು?

ಫೋರ್ತ್ ಬ್ಲಾಕಿನಲ್ಲಿ ಪೊಟ್ಟಣ ಕೊಂಡು ಬನಶಂಕರಿಯ ಮನೆಗೆ ಬಂದೆ. ನಮ್ಮ ಜೊತೆಗೇ ಇರುವ ಅತ್ತೆ ಹೆಸರು ಕೇಳಿ, "ಅದ್ಯಾರೇ ಅದು ಕಿನ್ನವ್ವ? ನವಣೆ, ಸಾಮೆ ಎಲ್ಲ ಸತ್ತುಹೋದ್ವಾ?" ಎಂದು ನಕ್ಕರು. ತೊಳೆಯುವಾಗ ಅಂಟುವಾಳ ಕಾಯಿ ಉಜ್ಜಿದ ಹಾಗೆ ನೊರೆ ಬಂತು. ಆ ನೊರೆ ಹೋಗುವವರೆಗೆ ತೊಳೆಯದಿದ್ದರೆ ಕಹಿ ಎಂಬುದು ಮೊದಲ ದಿನವೇ ಗೊತ್ತಾಯಿತು, ಮಗಳು ಉಗುಳಿದಾಗ.

ಆಮೇಲೆ ನಾನು ಮಾಡದ ಅಡುಗೆಯಿಲ್ಲ. ಬಿಸಿಬೇಳೆ ಬಾತ್ ಮಾಡಿದೆ. ಬೆಂದ ಕಾಳಿನಿಂದ ಬಿಡಿಸಿಕೊಂಡ ಬಿಳಿ ಎಳೆಯನ್ನು ತೋರಿಸಿ "ಇದಕ್ಕೆ ಬಾಲ ಇದೆ, ಹುಳ" ಎಂದಳು. ಬಾಲ ಕಾಣದಿರಲೆಂದು ಉದ್ದಿನ ಜೊತೆ ರುಬ್ಬಿ ದೋಸೆ ಹುಯ್ದೆ. ಗರಿಗರಿ ಅಂಚನ್ನಷ್ಟೇ ಮುರಿದು ತಿಂದಳು. ಪಾಯಸದಲ್ಲಿ ದ್ರಾಕ್ಷಿ ಹೆಕ್ಕಿದಳು. ನಕ್ಷತ್ರದ ಆಕಾರದ ಕಟ್ಲೆಟ್ಟುಗಳನ್ನು ಗೊಂಬೆಗಳಿಗೆ ಬಡಿಸಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು. ಒಂದು ಮಧ್ಯಾಹ್ನ ತಟ್ಟೆಯನ್ನು ಸಿಂಕಿಗೆ ಎಸೆದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೆತ್ತ ಮಗುವಿನ ಹೊಟ್ಟೆ ತುಂಬಿಸಲಾಗದವಳು ಎಂಥ ತಾಯಿ ಎಂದು ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೆ.

ಹಾಗಿರುವಾಗ ಏಕಾದಶಿ ಬಂತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಒಂದೂ ತಪ್ಪಿಸದ ವ್ರತ ಅದು. ಅವತ್ತು ಅವರು ಧಾನ್ಯ ಮುಟ್ಟುವುದಿಲ್ಲ. ಹಣ್ಣು, ಸಬ್ಬಕ್ಕಿ ಅಷ್ಟೇ. ಆದರೆ ಸಬ್ಬಕ್ಕಿ ತಿಂದ ದಿನವೆಲ್ಲ ಅವರ ಶುಗರ್ ಏರುತ್ತಿತ್ತು. ನಾನು ಫೋನಿನಲ್ಲಿ ಹುಡುಕಿ, "ಅಮ್ಮಾ, ಇದು ಧಾನ್ಯ ಅಲ್ವಂತೆ, ಬೀಜ ಅಂತೆ. ನೀವು ತಿನ್ಬಹುದು" ಎಂದೆ. ಹುರಿದು, ಉದುರುದುರಾಗಿ ಬೇಯಿಸಿ, ತುಪ್ಪದಲ್ಲಿ ಜೀರಿಗೆ, ಮೆಣಸು, ಕಡಲೇಬೀಜದ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಕೊಟ್ಟೆ.

ಮಗಳು ಬಂದು ತಟ್ಟೆಯೊಳಗೆ ಬಗ್ಗಿ ನೋಡಿದಳು. "ಅಜ್ಜಿ, ನಂಗೆ?"

"ಇದು ಮಕ್ಕಳಿಗಲ್ಲ ಕಣೇ. ಉಪವಾಸ ಮಾಡೋರಿಗೆ."

"ನಂಗೂ ಉಪವಾಸ!"

ಅಜ್ಜಿಯ ಕೈತುತ್ತಿನಲ್ಲಿ ಅರ್ಧ ತಟ್ಟೆ ಖಾಲಿಯಾಯಿತು. ಬಾಲವೂ ಹೋಯಿತು, ಹುಳವೂ ಹೋಯಿತು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ "ಇವತ್ತು ಏಕಾದಶಿನಾ?" ಎಂಬ ಪ್ರಶ್ನೆ. ಅತ್ತೆ "ಇವತ್ತು ನಮ್ಮಿಬ್ಬರ ಮರಿ ಏಕಾದಶಿ" ಎನ್ನುವರು, ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುವರು. ಅಜ್ಜಿ ಜೊತೆಗೆ ಕೂತು ತಿಂದರೆ ಮಾತ್ರ ಅವಳೂ ತಿನ್ನುವಳು. ಕೆನ್ನೆ ಸ್ವಲ್ಪ ತುಂಬಿತು. ತೂಕದ ಮುಳ್ಳು ಕೂಡ ಅಷ್ಟಿಷ್ಟು ಸರಿಯಿತು.

ಅತ್ತೆಗೆ ಹಿಗ್ಗು. ಆ ಹಿಗ್ಗಿನಲ್ಲೇ ಒಂದು ದಿನ, ದ್ವಾದಶಿ ಪಾರಣೆಯ ಹೊತ್ತು ಕೇಳಲು ಮಠದ ಆಚಾರ್ಯರಿಗೆ ಫೋನ್ ಮಾಡಿದವರು ಈ ಹೊಸ ಫಲಾಹಾರದ ಸುದ್ದಿಯನ್ನೂ ಹೇಳಿದರು. ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲಿ. ಮಗಳು ತೊಡೆಯ ಮೇಲಿದ್ದಳು.

"ಅದನ್ನ ಕುಕ್ಕರಲ್ಲಿಟ್ಟು ಅನ್ನದ ಹಾಗೆ ಬೇಯಿಸ್ತೀರೇನಮ್ಮಾ?" ಎಂದು ಆಚಾರ್ಯರು ಕೇಳಿದರು.

"ಹೌದು ಆಚಾರ್ರೇ."

"ಮಿಕ್ಕ ದಿನ ಮಗು ಅನ್ನದ ಬದಲು ಅದನ್ನೇ ಉಣ್ಣತ್ತೆ ಅಂತೀರಿ. ಅನ್ನದ ಕೆಲಸ ಮಾಡೋದು ಅನ್ನಾನೇ ಅಲ್ವೇ? ಏಕಾದಶಿ ದಿನ ಅದನ್ನ ತಿಂದ್ರೆ ಪಾಪ ಬರತ್ತೆ. ನಿಮ್ಮಂಥೋರಿಗೆ ನಾನು ಹೇಳ್ಬೇಕಾ?"

ಅತ್ತೆ ಫೋನ್ ಇಟ್ಟರು. ನಾನು ಬೀಜ, ಸಸ್ಯಶಾಸ್ತ್ರ, ಏನೇನೋ ವಾದಿಸಿದೆ. ಆಚಾರ್ಯರಿಗೇ ಮತ್ತೆ ಫೋನ್ ಮಾಡಿ ಜಗಳವಾಡುತ್ತೇನೆಂದೂ ಕೂಗಾಡಿದೆ. "ನಿಂದೇನೂ ತಪ್ಪಿಲ್ಲ ಬಿಡು. ನನ್ ವ್ರತ, ನಾನು ಕೇಳ್ಕೋಬೇಕಿತ್ತು" ಎಂದಷ್ಟೇ ಅತ್ತೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಆವತ್ತಿನಿಂದ ಅವರು ಅದನ್ನು ಯಾವ ದಿನವೂ ಮುಟ್ಟಲಿಲ್ಲ. ವಾಸನೆಗೇ ಹೊಟ್ಟೆ ತೊಳಸುತ್ತದೆ ಎಂದರು. ಅಜ್ಜಿ ಬಿಟ್ಟದ್ದನ್ನು ಮೊಮ್ಮಗಳೂ ಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಿಟ್ಟದ್ದು ಅದೊಂದನ್ನೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಈಗ ಅವಳಿಗೆ ಒಂದು ಮಾತು ಸಿಕ್ಕಿತ್ತು. ಬಿಳಿ ಅನ್ನ ಇಟ್ಟರೂ "ನಂಗೆ ಉಪವಾಸ" ಎಂದು ಬಾಯಿ ಬಿಗಿದು ಕೂರುವಳು. ಇಷ್ಟು ದಿನ ಹಟ ಎಂದು ಗದರಬಹುದಿತ್ತು. ದೇವರ ಹೆಸರು ಹೇಳುವ ಮಗುವನ್ನು ಯಾವ ಬಾಯಲ್ಲಿ ಗದರುವುದು? ಕೆನ್ನೆ ಮತ್ತೆ ಇಳಿಯಿತು.

ಮುಂದಿನ ಏಕಾದಶಿಗೆ ಅತ್ತೆ ಪ್ರಾಯಶ್ಚಿತ್ತವೆಂದು ನೀರೂ ಕುಡಿಯದೆ ಕೂತರು. ಪಕ್ಕದಲ್ಲಿ ಮಗಳೂ ಕೂತಳು. ಬೇಡಿದೆ, ಚಾಕೊಲೇಟ್ ತೋರಿಸಿದೆ, ಬೆನ್ನಿಗೊಂದು ಏಟೂ ಹಾಕಿದೆ. ನಾಲ್ಕು ಗುಟುಕು ನೀರು ಬಿಟ್ಟರೆ ಏನೂ ಇಳಿಯಲಿಲ್ಲ. ಸಂಜೆಗೆ ಅಜ್ಜಿಯ ಸೆರಗು ಹಿಡಿದು ದೇವರ ಮನೆಯ ಮುಂದೆ ನೆಲದ ಮೇಲೇ ಮಲಗಿಬಿಟ್ಟಳು. ಅಳುವ ಶಕ್ತಿಯೂ ಇದ್ದ ಹಾಗೆ ಕಾಣಲಿಲ್ಲ.

ಅತ್ತೆ ಸೆರಗು ಬಿಡಿಸಿಕೊಂಡು ಅಡುಗೆಮನೆಗೆ ಬಂದರು.

"ಆ ಕಿನ್ನವ್ವನ್ನ ಬೇಯಿಸು. ತಟ್ಟೆಗೆ ಇಬ್ಬರಿಗೂ ಆಗೋಷ್ಟು ಹಾಕು."

"ಅಮ್ಮಾ, ಇವತ್ತು..."

"ಗೊತ್ತು. ಬೇಯಿಸು."

ಬೇಡ ಎನ್ನುವ ದೊಡ್ಡತನ ನನಗಿರಲಿಲ್ಲ. ಮಗು ತಿಂದರೆ ಸಾಕಾಗಿತ್ತು. ಒಗ್ಗರಣೆ ಹಾಕುವಾಗ ಜೀರಿಗೆ ಸೀದಿತು.

ಅತ್ತೆ ಮಗುವನ್ನು ಎಬ್ಬಿಸಿ ಎದುರಿಗೆ ಕೂರಿಸಿಕೊಂಡರು. ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಮೊದಲ ತುತ್ತನ್ನು ತಾವೇ ಬಾಯಿಗಿಟ್ಟರು. "ನೋಡು, ಅಜ್ಜಿ ತಿಂತಿದ್ದಾಳೆ. ಎಲ್ಲಿ, ನೀನೂ ಆ ಅನ್ನು."

ಮಗಳು ಆ ಅನ್ನಲಿಲ್ಲ. ಗಾಬರಿಯಿಂದ ಎದ್ದು, ಅಜ್ಜಿಯ ಬಾಯೊಳಗೆ ಎರಡು ಬೆರಳು ತುರುಕಿ, ಆ ತುತ್ತನ್ನು ಹೊರಗೆ ತೆಗೆಯಲು ನೋಡಿದಳು.

"ಉಗುಳು ಅಜ್ಜಿ! ಪಾಪ ಬರತ್ತೆ. ಉಗುಳು!"

ಅತ್ತೆ ಆಗಲೇ ನುಂಗಿಬಿಟ್ಟಿದ್ದರು.