ತವರಿನ ಏರು ಮತ್ತು ನನ್ನ ಎಡಗಾಲು

ನನ್ನ ಹೆಂಡತಿಯ ತವರು ಬಿಜೂರಿನಲ್ಲಿದೆ. ಮನೆ ದಿಬ್ಬದ ಮೇಲೆ, ರಸ್ತೆ ಕೆಳಗೆ. ನಡುವೆ ಒಂದು ಏರು. ಉದ್ದ ಲೆಕ್ಕಕ್ಕೆ ನೂರು ಹೆಜ್ಜೆಗಿಂತ ಹೆಚ್ಚಿಲ್ಲ. ಆದರೆ ಅದರ ಮಧ್ಯದಲ್ಲಿ, ಕೆಂಪುಕಲ್ಲಿನ ಪಾಗಾರದ ಗೋಡೆ ತಿರುಗಿ ಮುಂದಿನದು ಕಾಣದಿರುವಲ್ಲಿ, ಯಾವ ವಾಹನವೂ ಒಮ್ಮೆ ನಿಲ್ಲಲೇಬೇಕು. ನಿಂತ ಮೇಲೆ ಮತ್ತೆ ಹೊರಡಬೇಕು. ಬಲಗಾಲನ್ನು ಬ್ರೇಕಿನಿಂದ ತೆಗೆದು ಎಕ್ಸಿಲೇಟರಿನ ಮೇಲಿಡುವ, ಅದೇ ಹೊತ್ತಿಗೆ ಎಡಗಾಲಿನಿಂದ ಕ್ಲಚ್ಚನ್ನು ಅರ್ಧಕ್ಕೆ ಬಿಡುವ ಆ ಒಂದು ಕ್ಷಣವನ್ನು ಇಪ್ಪತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಮರ್ಯಾದೆಯಿಂದ ದಾಟಿದವನಲ್ಲ. ಕಾರು ಹಿಂದಕ್ಕೇ ಬರುತ್ತಿತ್ತು.

ಇದಕ್ಕೆ ನಾವು ಕಂಡುಕೊಂಡಿದ್ದ ಪರಿಹಾರ ಒಂದು ಹಲಸಿನ ಮರದ ತುಂಡು. ಕ್ರಮ ಹೀಗಿತ್ತು: ಏರಿನ ಬುಡದಲ್ಲಿ ಹೆಂಡತಿ ಇಳಿಯುವುದು; ಡಿಕ್ಕಿಯಿಂದ ತುಂಡನ್ನು ತೆಗೆಯುವುದು; ಕಾರಿನ ಹಿಂಚಕ್ರದ ಬದಿಯಲ್ಲಿ ನಡೆದುಬರುವುದು; ನಾನು ತಿರುವಿನಲ್ಲಿ ನಿಲ್ಲಿಸಿ ಹಾರ್ನ್ ಒತ್ತಿದೊಡನೆ ತುಂಡನ್ನು ಚಕ್ರದ ಹಿಂದೆ ಕೊಡುವುದು; ಕಾರು ಮುಂದೆ ಹೋದ ಮೇಲೆ ತುಂಡನ್ನು ಎತ್ತಿಕೊಂಡು ಅಂಗಳಕ್ಕೆ ಬರುವುದು. ನಾನು ಬ್ರಹ್ಮಾವರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದವನು. ಯಾವ ಕೆಲಸಕ್ಕೂ ಒಂದು ಕ್ರಮವಿದ್ದರೆ ನನಗೆ ನೆಮ್ಮದಿ. ಈ ಕ್ರಮದಲ್ಲಿ ಕೊರತೆಯಿದೆಯೆಂದು ನನಗೆ ಹೊಳೆದಿರಲಿಲ್ಲ.

ಹೆಂಡತಿಗೆ ಹೊಳೆದಿತ್ತು. ಅವಳ ಅಕ್ಕತಂಗಿಯರು ತಮ್ಮ ತಮ್ಮ ಕಾರುಗಳಲ್ಲಿ ಕುಳಿತು ಅಂಗಳಕ್ಕೆ ಬರುತ್ತಿದ್ದರು. ಮುಡಿದ ಅಬ್ಬಲಿಗೆ ಅಲುಗದಂತೆ ಇಳಿಯುತ್ತಿದ್ದರು. ಇವಳು ಮಾತ್ರ ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕಂಕುಳಲ್ಲಿ ಮಗುವಿನಂತೆ ಮರದ ತುಂಡನ್ನು ಅವಚಿಕೊಂಡು, ಕಾರಿನ ಹೊಗೆಯ ಹಿಂದೆ ಬರುತ್ತಿದ್ದಳು. ಅಂಗಳದ ತುದಿಯಲ್ಲಿ ಅವಳ ತಮ್ಮ ಕಾಯುತ್ತಿದ್ದ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಮನುಷ್ಯ. ಅವನ ಬಾಯಿಗೆ ಬೀಗವಿಲ್ಲ.

"ಹ್ವಾಯ್, ಕ್ಲೀನರ್ ಬಂದ್ರ್ ಕಾಣಿ! ಅಕ್ಕ, ಟಯರ್ ಗಾಳಿ ಕಂಡ್ಯಾ?"

ಕಳೆದ ಮಳೆಗಾಲದಲ್ಲಿ ಆ ಹಳೆಯ ಕಾರು ಇನ್ನು ದುರಸ್ತಿಗೆ ಯೋಗ್ಯವಲ್ಲವೆಂದು ಮೆಕ್ಯಾನಿಕ್ ಹೇಳಿದ ದಿನ, ಹೆಂಡತಿ ಗಂಜಿಯ ಬಟ್ಟಲನ್ನು ನನ್ನ ಮುಂದಿಟ್ಟು ತನ್ನ ಷರತ್ತನ್ನು ಮಂಡಿಸಿದಳು.

"ಎಂಜಿನ್ ನಿಮ್ದ್, ಗೇರ್ ನಿಮ್ದ್, ಬಣ್ಣವೂ ನಿಮ್ದೇ ಇರ್ಲಿ. ನಂದ್ ಒಂದೇ ಮಾತ್. ಈ ಸಲ ಹೊಸ್ತಿಗೆ ನಾನ್ ಅಮ್ಮನ ಮನಿ ಅಂಗ್ಳದಗೆ ಕಾರಿಂದ ಇಳಿಕ್. ಏರಿನ ಬುಡದಗಲ್ಲ. ಆ ತುಂಡ್ ಹೊತ್ಕಂಡ್ ನಡೂಕೆ ಇನ್ನ್ ನನ್ನ್ ಕೈಯಲ್ಲ್ ಆತಿಲ್ಲೆ."

ಹೊಸ್ತು ಎಂದರೆ ಹೊಸ ಅಕ್ಕಿಯ ಊಟ. ಅಂದು ಬೆಳಿಗ್ಗೆ ಗದ್ದೆಯಿಂದ ಹೊಸ ಕದಿರನ್ನು, ಎಂದರೆ ಭತ್ತದ ತೆನೆಯನ್ನು, ತಂದು, ಮನೆಯ ಬಾಗಿಲಿಗೂ ದುಡಿಯುವ ಸಾಮಾನುಗಳಿಗೂ ಕಟ್ಟಿ, ಆಮೇಲೆ ಎಲೆ ಹಾಕುತ್ತಾರೆ. ಹೆಣ್ಣುಮಕ್ಕಳೆಲ್ಲ ಬರುತ್ತಾರೆ, ಎಲ್ಲರೂ ಎಲ್ಲರನ್ನೂ ನೋಡುತ್ತಾರೆ. ನನಗಿದ್ದದ್ದು ಎರಡೂವರೆ ತಿಂಗಳು.

ಇನ್ನೂರು ಪುಟದ ಒಂದು ನೋಟ್‌ಪುಸ್ತಕಕ್ಕೆ ಬೈಂಡು ಹಾಕಿ, ಅಂಚು ಬಿಟ್ಟು ಗೆರೆ ಎಳೆದೆ. ಒಟ್ಟು ಅಂಕ ನೂರು: ಎಂಜಿನ್ನಿಗೆ ನಲವತ್ತು, ಗೇರ್‌ಬಾಕ್ಸಿಗೆ ನಲವತ್ತು, ನಡತೆಗೆ ಇಪ್ಪತ್ತು. ಉತ್ತೀರ್ಣರಾಗಲು ಏರಿನಲ್ಲಿ ಹಿಂದೆ ಬರದಿರುವುದು ಕಡ್ಡಾಯ.

ಮೊದಲು ಎಂಜಿನ್. ಹೆಂಡತಿಯ ತಮ್ಮನೂ ನಾನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಭಾವನ ಮತ ಡೀಸೆಲಿಗೆ.

"ಡೀಸೆಲ್ ತಕಣಿ ಭಾವ. ಆನಿ ಎಳ್ದಂಗ್ ಎಳಿತ್. ನಿಮ್ಮನ್ನ್, ಅಕ್ಕನ್ನ್, ಆ ಏರನ್ನೂ ಎಳ್ಕಂಡ್ ಹೋತ್ತ್."

ಆನೆಯ ವಿಷಯದಲ್ಲಿ ನನ್ನ ತಕರಾರಿರಲಿಲ್ಲ. ಆದರೆ ಈಗಿನ ಡೀಸೆಲ್ ಕಾರಿಗೆ ಆಗಾಗ ದೂರದ ಓಟ ಬೇಕು. ಇಲ್ಲದಿದ್ದರೆ ಹೊಗೆಯ ಮಸಿ ತಡೆಯುವ ಜಾಲರಿ ಕಟ್ಟಿಕೊಳ್ಳುತ್ತದೆ ಎಂದು ಓದಿದ್ದೆ. ನಮ್ಮ ಓಟವಾದರೋ ಬೆಳಿಗ್ಗೆ ಬ್ರಹ್ಮಾವರದ ಮೀನು ಮಾರ್ಕೆಟ್ಟಿಗೆ, ಸಂಜೆ ಸಾಲಿಗ್ರಾಮದ ದೇವಸ್ಥಾನಕ್ಕೆ. ಆನೆಯನ್ನು ಸಾಕಿ ಬಂಗುಡೆ ತರಲು ಕಳುಹಿಸುವುದು ಸರಿಯಲ್ಲವೆಂದು ಬರೆದು ಡೀಸೆಲಿಗೆ ಹದಿನೆಂಟು ಕೊಟ್ಟೆ.

ನನ್ನೊಡನೆ ದುಡಿದು ನಿವೃತ್ತರಾದ ಗಣಿತದ ಮೇಷ್ಟರು ಸಿಎನ್‌ಜಿ ಅನಿಲದ ಪಕ್ಷದವರು. ಅವರು ಮನೆಗೆ ಬಂದು, ನಮ್ಮ ಜಗಲಿಯಲ್ಲಿ ಕುಳಿತು, ಎರಡು ಲೋಟ ಕಷಾಯ ಮುಗಿಯುವಷ್ಟರಲ್ಲಿ ಸಿಎನ್‌ಜಿಯ ಶ್ರೇಷ್ಠತೆಯನ್ನು ಸಾಧಿಸಿಬಿಟ್ಟರು. ಹೆಂಡತಿ ಒಳಗಿನಿಂದ ಒಂದೇ ಪ್ರಶ್ನೆ ಕೇಳಿದಳು: "ಆ ಸಿಲಿಂಡರ್ ಎಲ್ಲ್ ಇಪ್ಪುದ್?"

"ಡಿಕ್ಕಿಯಗೆ," ಎಂದರು ಅವರು, ಸತ್ಯಸಂಧರು.

"ಹಂಗಾರ್ ಅಮ್ಮನ ಮನಿಯಿಂದ ಬಪ್ಪತಿಗೆ ತೆಂಗಿನಕಾಯಿ, ಅಕ್ಕಿ, ಹಲ್ಸಿನ್ ಹಣ್ಣ್ ಎಲ್ಲ್ ಇಡುದ್? ನಿಮ್ಮ್ ತೊಡಿ ಮೇಲಾ?"

ಗಣಿತದ ಮೇಷ್ಟರು ತಮ್ಮ ತೊಡೆಯನ್ನು ಒಮ್ಮೆ ನೋಡಿಕೊಂಡು ಎದ್ದು ಹೋದರು. ಉಳಿದದ್ದು ಪೆಟ್ರೋಲ್. ಎಂಜಿನ್ ನಿರ್ಧಾರವಾಯಿತು.

ಗೇರ್‌ಬಾಕ್ಸಿನ ವಿಷಯದಲ್ಲಿ ನನಗೊಂದು ಮುಜುಗರವಿತ್ತು. ಆಟೊಮ್ಯಾಟಿಕ್ ಕಾರು ಓಡಿಸುವುದೆಂದರೆ ಗೈಡ್ ನೋಡಿ ಉತ್ತರ ಬರೆದಂತೆ ಎಂದು ನಾನು ಅಧ್ಯಾಪಕರ ಕೊಠಡಿಯಲ್ಲಿ ಹಲವು ವರ್ಷ ಘಂಟಾಘೋಷವಾಗಿ ಸಾರಿದ್ದೆ. ಆ ಮಾತನ್ನು ಕೇಳಿದವರೆಲ್ಲ ಇನ್ನೂ ಬದುಕಿದ್ದಾರೆ. ಹೆಚ್ಚಿನವರು ಬ್ರಹ್ಮಾವರದಲ್ಲೇ ಇದ್ದಾರೆ. ಆದ್ದರಿಂದ ಮೊದಲು ಕೈಯಿಂದ ಗೇರು ಹಾಕುವ ಕಾರನ್ನೇ ಪರೀಕ್ಷಿಸುವುದೆಂದು ಕುಂದಾಪುರದ ಶೋರೂಮಿಗೆ ಹೋದೆವು.

ಅಲ್ಲಿ ನಮ್ಮನ್ನು ಎದುರುಗೊಂಡ ಸೇಲ್ಸ್ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ನನ್ನನ್ನು ಕಂಡೊಡನೆ ಕುರ್ಚಿಯಿಂದ ತಟ್ಟನೆ ಎದ್ದು ನಿಂತಳು. ನಾನು "ಕುಳಿತುಕೋ" ಎನ್ನುವ ತನಕ ಕುಳಿತುಕೊಳ್ಳಲಿಲ್ಲ. ಅವಳು ಕೊಟ್ಟ ಕನ್ನಡದ ಮಾಹಿತಿಪತ್ರವನ್ನು ನಾನು ಅಲ್ಲಿಯೇ ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸಿದೆ. ಅವಳು ಅಭ್ಯಾಸಬಲದಿಂದ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು.

"ಸರ್, ಟೆಸ್ಟ್ ಡ್ರೈವಿಗೆ ಶಾಸ್ತ್ರಿ ಸರ್ಕಲ್ ತನ್ಕ ಹೋಯಿ ಬಪ್ಪನಾ?"

"ಬಿಜೂರಿಗೆ ಹೋಗಬೇಕು," ಎಂದೆ. ಮಾತಿನಲ್ಲಿಯೂ ಪುಸ್ತಕದ ಕನ್ನಡವನ್ನು ಬಿಡದಿರುವುದು ನನ್ನ ರೂಢಿ.

"ಬಿಜೂರಾ! ಸರ್, ಟೆಸ್ಟ್ ಡ್ರೈವ್ ಅಂದ್ರೆ ನೆಂಟ್ರ ಮನಿಗ್ ಹೋಪುದಲ್ಲ."

"ಪರೀಕ್ಷಾ ಕೇಂದ್ರ ಅಲ್ಲಿದೆ."

ಅವಳು ಮ್ಯಾನೇಜರರ ಬಳಿ ಹೋಗಿ ಏನೋ ಹೇಳಿ ಬಂದಳು. ಏನು ಹೇಳಿದಳೋ, ಅವರು ಗಾಜಿನ ಹಿಂದಿನಿಂದ ನನ್ನನ್ನು ಬಹಳ ಅನುಕಂಪದಿಂದ ನೋಡಿದರು.

ಹೆಂಡತಿ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕುಳಿತಳು. ಮರದ ತುಂಡನ್ನು ತಂದಿರಲಿಲ್ಲ. ತರಬಾರದೆಂಬುದೇ ಪರೀಕ್ಷೆಯ ನಿಯಮ. ಹೆದ್ದಾರಿಯುದ್ದಕ್ಕೂ ನಾನು ನಿರ್ದೋಷವಾಗಿ ಓಡಿಸಿದೆ. ಏರಿನ ತಿರುವಿನಲ್ಲಿ ನಿಲ್ಲಿಸಿದೆ. ಹೊರಟೆ. ಎಂಜಿನ್ ಬಂದ್ ಆಯಿತು. ಕಾರು ಹಿಂದೆ ಬಂತು. ವಿದ್ಯಾರ್ಥಿನಿ ಹ್ಯಾಂಡ್‌ಬ್ರೇಕ್ ಎಳೆದಳು. ಹೀಗೆ ಮೂರು ಸಲ. ನಾಲ್ಕನೆಯ ಸಲಕ್ಕೆ ನಾವು ಹೊರಟಿದ್ದ ಜಾಗದಲ್ಲೇ, ರಸ್ತೆಯ ಬದಿಯಲ್ಲಿದ್ದೆವು. ಹೆಂಡತಿ ಹಲ್ಲು ಕಚ್ಚಿ ಕುಳಿತಿದ್ದಳೇ ಹೊರತು ಇಳಿಯಲಿಲ್ಲ. ಮೇಲಿನಿಂದ ನಮ್ಮ ಅತ್ತೆಯ ಸ್ವರ ಕೇಳಿಸಿತು.

"ಹ್ವಾಯ್ ಮಾಷ್ಟ್ರೆ! ಹೊಸ ಕಾರಿಗೂ ಹಿಂದೆ ಬಪ್ಪುದನ್ನೇ ಕಲ್ಸಿದ್ರ್ಯಾ?"

ನಾನು ಗೇರ್‌ಬಾಕ್ಸಿಗೆ ನಲವತ್ತಕ್ಕೆ ಹನ್ನೊಂದು ಕೊಟ್ಟೆ.

"ಸರ್, ಅದ್ರ್ ತಪ್ಪೆಂತ ಇತ್ತ್?" ಎಂದು ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು. ಮೌಲ್ಯಮಾಪಕರ ತೀರ್ಮಾನವೇ ಅಂತಿಮ ಎಂದೆ.

ಮುಂದಿನ ವಾರ ಬ್ರಹ್ಮಾವರದ ಇನ್ನೊಂದು ಶೋರೂಮಿನಿಂದ ಅಗ್ಗದ ಬಗೆಯ ಆಟೊಮ್ಯಾಟಿಕ್ ಒಂದನ್ನು ತರಿಸಿದೆ. ಅದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ಚನ್ನು ಮಾತ್ರ ಯಂತ್ರ ಒತ್ತುತ್ತದೆ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ, ಗಟ್ಟಿಯಾಗಿ ಓದಲು ನಿಂತ ಐದನೆಯ ತರಗತಿಯ ಮಗುವಿನಂತೆ ಪ್ರತಿ ಪದಕ್ಕೂ ನಿಂತು ಉಸಿರೆಳೆದುಕೊಳ್ಳುತ್ತಿತ್ತು. ನಮ್ಮ ಮನೆಯ ಓಣಿಯ ಸಣ್ಣ ಏರಿನಲ್ಲಿ ನಿಲ್ಲಿಸಿ ಬ್ರೇಕು ಬಿಟ್ಟೆ. ಕಾರು ಒಂದು ಗೇಣು ಹಿಂದೆ ಸರಿಯಿತು. ಒಂದೇ ಗೇಣು. ನಾನು ಮುಂದೆ ಹೊರಟು, ಓಣಿಯ ತುದಿ ತಲುಪಿ, "ಹೇಗಿದೆ?" ಎಂದು ಹಿಂದೆ ತಿರುಗಿದರೆ ಸೀಟು ಖಾಲಿ. ಇಪ್ಪತ್ತು ವರ್ಷಗಳ ಅಭ್ಯಾಸ; ಗೇಣು ಸರಿದೊಡನೆ ಇಳಿದಿದ್ದಳು. ಓಣಿಯ ಮಧ್ಯದಲ್ಲಿ, ಯಾರದೋ ಪಾಗಾರದಿಂದ ಕಿತ್ತ ಕಲ್ಲೊಂದನ್ನು ಹಿಡಿದು ನಿಂತಿದ್ದಳು.

"ಇದ್ ಬ್ಯಾಡ," ಎಂದಳು, ಕಲ್ಲನ್ನು ಕೆಳಗಿಡದೆ.

ಉಳಿದದ್ದು ಪೂರ್ಣ ಆಟೊಮ್ಯಾಟಿಕ್. ಮತ್ತೆ ಕುಂದಾಪುರ, ಮತ್ತೆ ಅದೇ ವಿದ್ಯಾರ್ಥಿನಿ. ಇಲ್ಲಿ ಕ್ಲಚ್ಚೆಂಬುದೇ ಇಲ್ಲ. ಎರಡೇ ಪೆಡಲು, ಎರಡಕ್ಕೂ ಬಲಗಾಲೇ. ಎಡಗಾಲು ಸುಮ್ಮನಿರಬೇಕು. ನನ್ನ ಎಡಗಾಲಿಗೆ ಸುಮ್ಮನಿದ್ದು ಗೊತ್ತಿಲ್ಲವೆಂಬುದು ತಿಳಿದದ್ದು ಹೆಮ್ಮಾಡಿಯ ಬಳಿ. ಮುಂದಿನ ಬಸ್ಸು ನಿಧಾನಿಸಿತು. ನನ್ನ ಎಡಗಾಲು ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಅಲ್ಲಿದ್ದ ಅಗಲವಾದ ಬ್ರೇಕನ್ನು ಸಂಪೂರ್ಣವಾಗಿ ತುಳಿಯಿತು. ಮೂವರೂ ಏಕಕಾಲಕ್ಕೆ ಬಸ್ಸಿಗೆ ನಮಸ್ಕರಿಸಿದೆವು. ಮರವಂತೆಯಲ್ಲಿ ಸಮುದ್ರಕ್ಕೆ ನಮಸ್ಕರಿಸಿದೆವು. ನಾವುಂದದಲ್ಲಿ ಒಂದು ದನಕ್ಕೆ.

ವಿದ್ಯಾರ್ಥಿನಿ ಡ್ಯಾಶ್‌ಬೋರ್ಡಿನಿಂದ ಕೈ ತೆಗೆದು, ಧೈರ್ಯ ತಂದುಕೊಂಡಳು. "ಸರ್, ಶಾಲಿಯಗೆ ನೀವ್ ನಮ್ಗ್ ದಿನಾ ಹೇಳ್ತಿದ್ರಿ, ಕೈ ಕಟ್ಟಿ ಕೂಕಣಿ ಅಂದೇಳಿ. ಈಗ ನೀವ್ ಒಂಚೂರ್ ಕಾಲ್ ಕಟ್ಟಿ ಕೂಕಣಿ."

ಹಿಂದಿನ ಸೀಟಿನಿಂದ ನಗು ಕೇಳಿಸಿತು. ಆ ನಗುವಿನ ಹಿಂದೆ ಹೆಂಡತಿ ಏನನ್ನೋ ಯೋಚಿಸುತ್ತಿದ್ದಳೆಂದು ನಾನು ಆಗಲೇ ಅರಿಯಬೇಕಿತ್ತು.

ಏರಿನಲ್ಲಿ ವಿದ್ಯಾರ್ಥಿನಿಯೇ ಓಡಿಸಿದಳು. ತಿರುವಿನಲ್ಲಿ ನಿಲ್ಲಿಸಿ, ಬ್ರೇಕಿನಿಂದ ಕಾಲು ತೆಗೆದು ತೋರಿಸಿದಳು. ಕಾರು ಅಲ್ಲೇ ನಿಂತಿತು. ಒಂದೆರಡು ಕ್ಷಣ ತಾನೇ ಹಿಡಿದುಕೊಂಡಿದ್ದು, ಎಕ್ಸಿಲೇಟರ್ ಒತ್ತಿದೊಡನೆ ಮುಂದೆ ಹೋಯಿತು. ಹೆಂಡತಿ, "ಇದೇ ಸಾಕ್," ಎಂದಳು. ನಾನು ನಲವತ್ತಕ್ಕೆ ಮೂವತ್ತೆಂಟು ಕೊಟ್ಟೆ. ಎಡಗಾಲಿಗೆ ಕೆಲಸ ಒದಗಿಸದಿದ್ದುದಕ್ಕಾಗಿ ಎರಡು ಅಂಕ ಕಡಿತ.

ಕಾರು ಬಂತು. ನಾನು ಅಭ್ಯಾಸಕ್ಕೆ ತೊಡಗಿದೆ. ಜಗಲಿಯ ಕುರ್ಚಿಯಲ್ಲಿ ಕುಳಿತು, ಎಡಗಾಲನ್ನು ನೆಲಕ್ಕೆ ಒತ್ತಿ, ಬಲಗಾಲಿನಿಂದ ಮಾತ್ರ ಕಾಲ್ಪನಿಕ ಬ್ರೇಕು ಹಾಕುತ್ತಿದ್ದೆ. ಸಪಾಟು ರಸ್ತೆಯಲ್ಲಿ ಸುಧಾರಿಸಿದೆ. ಆದರೆ ಏರು ಕಂಡರೆ ಎಡಗಾಲಿಗೆ ಹಳೆಯ ಭಯ ನೆನಪಾಗುತ್ತಿತ್ತು. ಹೇಳದೆ ಕೇಳದೆ ಎದ್ದುಬಿಡುತ್ತಿತ್ತು.

ಹೊಸ್ತಿನ ಬೆಳಿಗ್ಗೆ ಏರಿನ ಬುಡದಲ್ಲಿ, ಪಕ್ಕದ ಸೀಟಿನಲ್ಲಿದ್ದ ಹೆಂಡತಿ, "ಒಂಚೂರ್ ನಿಲ್ಸಿ," ಎಂದಳು. ಷರತ್ತು ಮುರಿದು ಇಳಿಯುತ್ತಾಳೇನೋ ಎಂದುಕೊಂಡೆ. ಅವಳು ಇಳಿಯಲಿಲ್ಲ. ಮಡಿಲಿನ ಚೀಲದಿಂದ ನನ್ನದೇ ಬೈರಾಸನ್ನು, ಸ್ನಾನಕ್ಕೆ ಉಡುವ ಆ ಕೆಂಪು ಬಟ್ಟೆಯನ್ನು, ಹೊರತೆಗೆದಳು. ರೇಷ್ಮೆ ಸೀರೆಯಲ್ಲಿಯೇ ಬಾಗಿ, ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ಎರಡು ಸುತ್ತು ಸುತ್ತಿ, ಸೀಟಿನ ಕೆಳಗಿನ ಕಬ್ಬಿಣಕ್ಕೆ ಬಿಗಿದು ಕಟ್ಟಿದಳು. ದನ ಕಟ್ಟುವವರ ಮನೆಯ ಮಗಳು. ಗಂಟಿನಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

"ಇನ್ನ್ ಹೋಪ."

"ಇದು ಶೋಭೆಯಲ್ಲ," ಎಂದೆ.

"ನಾನ್ ತುಂಡ್ ಹೊತ್ತದ್ ಶೋಭಿಯಾಯ್ತಾ ನಿಮ್ಗೆ?"

ಹೊರಟೆ. ತಿರುವಿನಲ್ಲಿ, ಬೇಕೆಂದೇ ಬಂದಂತೆ, ಭಾವನ ಹೆಂಟೆ ಕೋಳಿಯೊಂದು ಹತ್ತು ಮರಿಗಳೊಡನೆ ಅಡ್ಡ ಬಂತು. ಬಲಗಾಲಿನಿಂದ ಬ್ರೇಕು ಒತ್ತಿದೆ. ಮರಿಗಳು ಒಂದೊಂದಾಗಿ, ಶಿಸ್ತಿಲ್ಲದೆ, ದಾಟಿದವು. ಬಲಗಾಲನ್ನು ಎತ್ತಿದೆ. ಎಡಗಾಲು ಸರ್ವಶಕ್ತಿಯಿಂದ ಎಗರಿತು. ಬೈರಾಸು ಅದನ್ನು ಹಿಡಿಯಿತು. ಕಾರು ನಿಂತಲ್ಲೇ ನಿಂತಿತು. ಎಕ್ಸಿಲೇಟರ್ ಒತ್ತಿದೆ. ಪಾಗಾರ ಹಿಂದೆ ಸರಿಯಿತು, ತೆಂಗಿನ ಬುಡ ಹಿಂದೆ ಸರಿಯಿತು, ಅಂಗಳ ಬಂತು.

ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಅತ್ತೆ ಕದಿರಿನ ಹರಿವಾಣ ಹಿಡಿದು, ನಮ್ಮನ್ನು ಬಿಟ್ಟು ಕಾರಿನ ಹಿಂದಿನ ಏರನ್ನೇ ನೋಡುತ್ತಿದ್ದರು.

"ಹೆಣ್ ಎಲ್ಲ್? ಇನ್ನೂ ಬರ್ಲಿಲ್ಯಾ?"

ಮುಂದಿನ ಬಾಗಿಲು ತೆರೆಯಿತು. ಹೆಂಡತಿ ಇಳಿದಳು. ಸೀರೆಯ ಅಂಚಿನಲ್ಲಿ ಧೂಳಿಲ್ಲ, ಅಬ್ಬಲಿಗೆ ಅಲುಗಿಲ್ಲ, ಕಂಕುಳಲ್ಲಿ ಏನೂ ಇಲ್ಲ. "ಇಲ್ಲಿದ್ದೆ ಅಮ್ಮ," ಎಂದಳು. ಅಂಗಳವನ್ನು ಎರಡು ಸಲ ಸುತ್ತುವಷ್ಟು ನಿಧಾನವಾಗಿ ನಡೆದು ಜಗಲಿ ಹತ್ತಿದಳು. ಭಾವ ಸಾಮಾನು ಇಳಿಸುವ ನೆಪದಲ್ಲಿ ಡಿಕ್ಕಿಯ ಕಡೆ ಹೋದ.

ನಾನು ಇಳಿಯಲಿಲ್ಲ. ಇಳಿಯುವಂತಿರಲಿಲ್ಲ. ಗಂಟು ಬಿಚ್ಚಬೇಕಾದವಳು ಒಳಗೆ ಅಕ್ಕತಂಗಿಯರ ನಡುವೆ ಕುಳಿತಾಗಿತ್ತು. ಸ್ಟೀರಿಂಗಿಗೆ ಕದಿರು ಕಟ್ಟಲು ಬಂದ ಅತ್ತೆ ಒಳಗೆ ಬಗ್ಗಿ ನೋಡಿ ಬೆಚ್ಚಿದರು.

"ಅಯ್ಯೊ ಮಾಷ್ಟ್ರೆ! ಕಾಲಿಗ್ ಎಂತ ಆಯ್ತ್?"

"ಏನೂ ಆಗಿಲ್ಲ. ಸುರಕ್ಷತೆಗಾಗಿ," ಎಂದೆ, ಸಾಧ್ಯವಾದಷ್ಟು ಘನತೆಯಿಂದ.

ಅಷ್ಟರಲ್ಲಿ ಹಿಂದಿನಿಂದ ಭಾವನ ಕೂಗು ಕೇಳಿಸಿತು. ಡಿಕ್ಕಿಯಲ್ಲಿ, ಹಣ್ಣಿನ ಚೀಲದ ಅಡಿಯಲ್ಲಿ, ಹಲಸಿನ ತುಂಡು ಸಿಕ್ಕಿತ್ತು. ಹೆಂಡತಿ ನನಗೂ ಹೇಳದೆ ಅದನ್ನು ತಂದಿದ್ದಳು. ಭಾವ ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ಅಕ್ಕ, ಕೆಲ್ಸ ಬಿಟ್ರೂ ಸಾಮಾನ್ ಬಿಡ್ಲಿಲ್ಲೆ ಕಾಣ್!" ಎಂದ.

ಅತ್ತೆ ನಗಲಿಲ್ಲ. ಅವನ ಕೈಯಿಂದ ತುಂಡನ್ನು ತೆಗೆದುಕೊಂಡು, ಜಗಲಿಯ ಮೇಲೆ ನೊಗ, ಕತ್ತಿ, ಭತ್ತ ಅಳೆಯುವ ಕಳಸಿಗೆಗಳ ಸಾಲಿನಲ್ಲಿ ಇಟ್ಟು, ಅದಕ್ಕೂ ಒಂದು ಕದಿರು ಕಟ್ಟಿದರು.

"ಇಷ್ಟ್ ವರ್ಷ ದುಡ್ದಿತ್ತ್, ಪಾಪ," ಎಂದರು.

ಹರಿವಾಣದಲ್ಲಿ ಇನ್ನೊಂದು ಕದಿರು ಉಳಿದಿತ್ತು. ಅದನ್ನು ಹಿಡಿದುಕೊಂಡು ಕಾರಿನ ಬಳಿಗೆ ಬಂದರು. ಬೈರಾಸಿನ ಗಂಟನ್ನು ಒಮ್ಮೆ ನೋಡಿದರು, ನನ್ನ ಮುಖವನ್ನು ಒಮ್ಮೆ ನೋಡಿದರು.

"ನಿಮ್ಮ್ ಈ ಕಾಲಿಗ್ ಬ್ಯಾಡ ಮಾಷ್ಟ್ರೆ. ಇದ್ ಇವತ್ತ್ ಎಂತದೂ ಕೆಲ್ಸ ಮಾಡ್ಲಿಲ್ಲೆ."

ಕದಿರನ್ನು ಬಾವಿಯ ಕಂಬಕ್ಕೆ ಕಟ್ಟಲು ಹೋದರು.