ಮೂವತ್ತೆಂಟಕ್ಕೆ ಹೆಸರು ಕೇಳುವವರು

ಅಜ್ಜಿ ಹೇಳುವ ಕಥೆಯಾಗಿದ್ದರೆ ಇದು ಹೀಗೆ ಶುರುವಾಗುತ್ತಿತ್ತು: ಬಹಳ ಹಿಂದೆ ಅರಮನೆಯೊಂದರಲ್ಲಿ ಒಬ್ಬ ಬರಹಗಾರ್ತಿ ಇದ್ದಳು. ಬಂದವರ ಕಾಯಿಲೆ ಅವಳ ಕಣ್ಣಿಗೆ ಕಾಣುತ್ತಿತ್ತು. ಆದರೆ ರಾಜವೈದ್ಯ ಬಾಯಿಬಿಟ್ಟು ಹೆಸರು ಹೇಳುವ ತನಕ ಬರೆಯುವಂತಿರಲಿಲ್ಲ. ಬರೆದರೆ ಲೇಖನಿ ಮುರಿದುಹೋಗುತ್ತಿತ್ತು.

ಅಂಥವರೊಬ್ಬರು ನಿಜವಾಗಿಯೂ ಇದ್ದಾರೆ. ಬೆಳಗಿನ ಆರು ಗಂಟೆಗೆ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೆಗಲ ಮೇಲೆ ಸ್ವೆಟರ್ ಹೊದ್ದು ಕಂಪ್ಯೂಟರ್ ಎದುರು ಕೂರುತ್ತಾರೆ. ಡಾಕ್ಟರು ಬರೆದ ಕಾಯಿಲೆಯನ್ನು ಓದಿ ಅದಕ್ಕೆ ನಿಗದಿಯಾದ ಕೋಡ್ ಸೇರಿಸುವುದು ಕೆಲಸ. ದಿನಕ್ಕೆ ಅರವತ್ತು ಫೈಲು, ಹದಿನಾಲ್ಕು ವರ್ಷ. ಆಸ್ಪತ್ರೆಗೆಲ್ಲ ಇವರು ಕೋಡಕ್ಕ. ತೂಕ ಹೆಚ್ಚಿದವರ ಫೈಲುಗಳೆಲ್ಲ ಇವರ ಮೇಜಿಗೇ ಬರುವುದರಿಂದ ಮನೆಯಲ್ಲಿ ಅತ್ತೆ ಕಾಲೆಳೆಯುತ್ತಾರೆ: “ಏನಮ್ಮಾ, ಇವತ್ತು ಎಷ್ಟು ಜನರ ಕೊಬ್ಬಿಗೆ ನಂಬರ್ ಕೊಟ್ಟೆ?”

ಇವತ್ತು ಮೇಜಿನ ಮೇಲಿರುವುದು ಮೊಣಕಾಲು ಸವೆದ ಟೈಲರಮ್ಮನ ಫೈಲು. ಎತ್ತರ, ತೂಕ ಎರಡೂ ಸೇರಿದ ಲೆಕ್ಕ, ಅಂದರೆ ಬಿಎಂಐ, ಮೂವತ್ತೆಂಟು. ಮೂವತ್ತು ದಾಟಿದರೇ ಸಾಮಾನ್ಯವಾಗಿ ಬೊಜ್ಜು ಎನ್ನುತ್ತಾರೆ. ಆದರೆ ಡಾಕ್ಟರು ಬರೆದಿರುವುದು ‘ಮೈತುಂಬಿದ ಮೈಕಟ್ಟು’ ಎಂದಷ್ಟೇ. ಬೊಜ್ಜು ಎಂಬ ರೋಗನಿರ್ಣಯ ಇಲ್ಲದೆ ತೂಕ ಇಳಿಸುವ ವಿಭಾಗ ಹೆಸರು ಸೇರಿಸಿಕೊಳ್ಳುವುದಿಲ್ಲ. ಎರಡು ಸಲ ಫೈಲು ವಾಪಸ್ ಬಂದಿದೆ. ತೂಕ ಇಳಿಯದೆ ಮೊಣಕಾಲಿನ ಆಪರೇಷನ್ ಇಲ್ಲ. ಮಂಗಳವಾರ ಗೋಡೆ ಹಿಡಿದುಕೊಂಡು ಇಲ್ಲಿಗೇ ಇಳಿದು ಬಂದ ಆಕೆಗೆ ಕೋಡಕ್ಕ ಮಾತು ಕೊಟ್ಟಿದ್ದಾರೆ: “ಶುಕ್ರವಾರ ಹನ್ನೊಂದರೊಳಗೆ ಮಾಡಿಸ್ತೀನಿ.” ಇವತ್ತೇ ಶುಕ್ರವಾರ. ಹನ್ನೊಂದಕ್ಕೆ ಆ ವಿಭಾಗದ ಪಟ್ಟಿ ಮುಚ್ಚುತ್ತದೆ. ಮುಂದಿನದು ಆರು ತಿಂಗಳ ನಂತರ.

ಮೂವತ್ತೆಂಟು ಎಂದರೆ ಏನೆಂದು ಇವರಿಗೆ ಗೊತ್ತಿಲ್ಲವೇ? “ಗೊತ್ತು. ಹಂಗೆ ಗೊತ್ತು ಅಂದ್ಕೊಂಡೇ ಒಂದ್ಸಲ ಕೆಟ್ಟೆ,” ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ತೂಕ ನೋಡಿ ತಾವೇ ಬೊಜ್ಜಿನ ಕೋಡ್ ಹಾಕಿಬಿಟ್ಟಿದ್ದರು. “ಆ ಮನುಷ್ಯನ ಮೈಯಲ್ಲಿ ತುಂಬಿದ್ದು ನೀರು. ಕಿಡ್ನಿ ಕೈಕೊಟ್ಟಿತ್ತು. ಮೇಲಿನೋರು ಹಿಡಿದು ಸರಿ ಮಾಡಿದ್ರು. ನಂಗೆ ಎರಡು ದಿನ ಅನ್ನ ಸೇರ್ಲಿಲ್ಲ.”

ಹೀಗಾಗಿ ಇವರು ಊಹಿಸುವುದಿಲ್ಲ, ಕೇಳುತ್ತಾರೆ. ‘ಬೊಜ್ಜು ಅಂತ ಬರೆಯಿರಿ’ ಎಂದು ಡಾಕ್ಟರ ಕೈಗೆ ಉತ್ತರ ಇಡುವಂತೆಯೂ ಇಲ್ಲ. ‘ಬಿಎಂಐ ಮೂವತ್ತೆಂಟು ಎಂದಿದೆ. ಸಂಬಂಧಿಸಿದ ರೋಗನಿರ್ಣಯವಿದ್ದರೆ ದಾಖಲಿಸಿ’ ಎಂದಷ್ಟೇ ಬರೆದ ಚೀಟಿ ಎರಡು ಸಲ ಹೋಗಿದೆ, ಉತ್ತರವಿಲ್ಲ. ಹತ್ತೂವರೆಗೆ ಮೂರನೆಯ ಚೀಟಿ ಹಿಡಿದು ತಾವೇ ಮೆಟ್ಟಿಲು ಹತ್ತುತ್ತಾರೆ.

ಡಾಕ್ಟರ ಬಾಗಿಲ ಪಕ್ಕದ ಬೆಂಚಿನಲ್ಲಿ ಟೈಲರಮ್ಮ ಕಾಲು ಚಾಚಿ ಕೂತಿದ್ದಾರೆ.

“ಮತ್ತೆ ಬಂದ್ಯಾ? ನೀನೇ ಹಾಕ್ಕೊಳಮ್ಮಾ, ನಿಂಗೆ ಗೊತ್ತಿಲ್ವಾ?” ಎನ್ನುತ್ತಾರೆ ಡಾಕ್ಟರು.

“ನಂಗೆ ಗೊತ್ತಿರೋದು ಲೆಕ್ಕಕ್ಕಿಲ್ಲ ಸರ್. ಮೈ ಮುಟ್ಟಿ ನೋಡಿದೋರು ನೀವು.”

“ಆಯಮ್ಮನ ಮುಖಕ್ಕೆ ಹೊಡೆದ ಹಾಗೆ ಏನಂತ ಬರೀಲಿ? ಮನಸ್ಸು ಬರಲ್ಲ.”

ಬೆಂಚಿನಿಂದ ಟೈಲರಮ್ಮನ ದನಿ ಒಳಗೆ ಬರುತ್ತದೆ: “ಮೂವತ್ತು ವರ್ಷದಿಂದ ಬೇರೆಯೋರ ಸೊಂಟ ಅಳೀತಿದೀನಿ ಡಾಕ್ಟ್ರೇ. ಕಮ್ಮಿ ಬರ್ಕೊಂಡ್ರೆ ರವಿಕೆ ಹಿಡಿಯುತ್ತೆ ಅಷ್ಟೇ, ಮೈ ಸಣ್ಣ ಆಗಲ್ಲ. ಇದ್ದಿದ್ದನ್ನ ಬರೀರಿ!”

ಡಾಕ್ಟರು ನಕ್ಕುಬಿಡುತ್ತಾರೆ. ಆಕೆಯನ್ನು ಒಳಗೆ ಕರೆದು ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಾರೆ. ಗುಳಿ ಬೀಳುವುದಿಲ್ಲ, ನೀರಲ್ಲ. ರಕ್ತದ ವರದಿಯನ್ನು ಇನ್ನೊಮ್ಮೆ ಓದಿ, ಪೆನ್ನು ತೆಗೆದು ಆ ಒಂದು ಪದ ಬರೆದು, ಕೆಳಗೆ ಸಹಿ ಹಾಕುತ್ತಾರೆ.

ಕೋಡಕ್ಕ ಓಡುವುದಿಲ್ಲ, ಬಿರಬಿರನೆ ನಡೆಯುತ್ತಾರೆ. ನೆಲಮಾಳಿಗೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಏಳು ನಿಮಿಷ. ಮೊದಲು ಕಾಯಿಲೆಯ ಕೋಡ್, ಅದರ ಕೆಳಗೆ ಮೂವತ್ತೆಂಟರ ಕೋಡ್.

“ಹೆಸರು ಡಾಕ್ಟ್ರದ್ದು, ಅಳತೆ ಆಯಮ್ಮಂದು,” ಎನ್ನುತ್ತಾರೆ, ಕಣ್ಣು ಪರದೆಯ ಮೇಲೆಯೇ. “ನಾನು ಸುಳ್ಳು ಸೇರಿಸ್ಲಿಲ್ಲ, ನಿಜ ಬಿಡ್ಲಿಲ್ಲ. ಅಷ್ಟು ಸಾಕಪ್ಪ ನಂಗೆ.”

ಬೆರಳು ಗುಂಡಿ ಒತ್ತುತ್ತದೆ. ಫೈಲು ತೂಕ ಇಳಿಸುವ ವಿಭಾಗಕ್ಕೆ ಹೋಗುತ್ತದೆ.